ಮಾತು ಬಿಟ್ಟು ಉಳಿದದ್ದೆಲ್ಲ

ಬಚ್ಚಲಲ್ಲಿ ಜಾರಿ ಬಿದ್ದಾಗ ಚನ್ನವೀರಮ್ಮನಿಗೆ ಅರವತ್ತೆಂಟು ವರ್ಷ. ಬಳ್ಳಾರಿಯ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿದ್ದರೂ ಸೊಂಟದ ಮೂಳೆ ಕೂಡಲಿಲ್ಲ. ಇನ್ನು ನಡೆಯುವ ಆಸೆ ಬೇಡ ಎಂದು ಹೇಳಿ ಕಳಿಸಿದರು. ಅವಳ ತಂಗಿಯ ಮಗ ಕೊಟ್ಟೂರಪ್ಪ ಆಗಷ್ಟೇ ಪಾರ್ವತಿನಗರದಲ್ಲಿ ಮನೆ ಕಟ್ಟಿಸಿದ್ದ. ಆಸ್ಪತ್ರೆಯ ಬಾಗಿಲಿಗೇ ಜಟಕಾ ತಂದು ನಿಲ್ಲಿಸಿದ.

"ದೊಡ್ಡವ್ವ, ನಮ್ಮನಿಗಿ ನಡಿ. ಕೆಳಗಿನ ಕೋಣಿಗಿ ನಿನಗಂತ ಸುಣ್ಣ ಹೊಡಿಸೀನಿ."

"ನನ್ನ ಕುರುಗೋಡಿಗಿ ಮುಟ್ಟಸು," ಎಂದಳು ಚನ್ನವೀರಮ್ಮ. "ಮಂದಿ ಮನ್ಯಾಗ ಹೇಲು ಬಳಿಸಿಕೊಂಡು ಸಾಯಾಕ ನಾ ಒಲ್ಲೆ. ನನ್ನ ಹೆಣ ನನ್ನ ಹೊಸ್ತಿಲ ದಾಟಬೇಕು."

ಕೊಟ್ಟೂರಪ್ಪ ಒಂದೇ ಸಲ ಒತ್ತಾಯ ಮಾಡಿದ. ಎರಡನೆಯ ಸಲ ಮಾಡಿದರೆ ಎಲ್ಲಿ ಒಪ್ಪಿಬಿಡುತ್ತಾಳೋ ಎಂಬ ಭಯ ಜೊತೆಗೆ ಬಂದಿದ್ದ ಅವನ ಹೆಂಡತಿಯ ಮುಖದಲ್ಲಿ ಕಾಣುತ್ತಿತ್ತು.

ಚನ್ನವೀರಮ್ಮನಿಗೆ ಮಕ್ಕಳಿರಲಿಲ್ಲ. ಗಂಡ ತೀರಿ ಇಪ್ಪತ್ತು ವರ್ಷವಾಗಿತ್ತು. ಆದರೆ ಅವಳು ಒಬ್ಬಂಟಿಯಾಗಿದ್ದಳೆಂದು ಕುರುಗೋಡಿನಲ್ಲಿ ಯಾರೂ ಅನ್ನುತ್ತಿರಲಿಲ್ಲ. ಮಠದ ಓಣಿಯಲ್ಲಿ ಅವಳ ಮನೆಯ ಕಟ್ಟೆ ಒಂದು ಕಚೇರಿಯ ಹಾಗಿತ್ತು. ಸೊಸೆಯರ ದೂರು, ಬಾಣಂತಿಯರ ಸುದ್ದಿ, ಯಾರ ಮನೆಯ ಎಮ್ಮೆ ಯಾರ ಹೊಲಕ್ಕೆ ನುಗ್ಗಿತು ಎಂಬುದೆಲ್ಲ ಅಲ್ಲಿ ವಿಚಾರಣೆಯಾಗುತ್ತಿತ್ತು. ಹೆಂಗಸರಿಗೆ ಹಾಡು ಕಲಿಸಿದವಳೂ ಅವಳೇ. ಊಟವಿಲ್ಲದೆ ಎರಡು ಹೊತ್ತು ಇರಬಲ್ಲಳು, ಮಾತಿಲ್ಲದೆ ಒಂದು ಹೊತ್ತು ಇರಲಾರಳು ಎಂದು ಗೋಡೆಯಾಚೆಯ ಮನೆಯಲ್ಲಿ ಹಳೆ ಸೀರೆಗಳ ಕೌದಿ ಹೊಲಿಯುವ ಕುಬ್ರಾಬಿ ನಗುತ್ತಿದ್ದಳು.

ಆ ವರ್ಷ ಶ್ರಾವಣದ ಪ್ರವಚನದಲ್ಲಿ ಮಠದ ಸ್ವಾಮಿಗಳು ಮುದುಕರ ವಿಷಯ ಎತ್ತಿದರು. ವಯಸ್ಸಾದವರನ್ನು ಅವರ ಮನೆಯಿಂದ ಕೀಳಬಾರದು, ಹಳೆಯ ಮರವನ್ನು ಕಿತ್ತು ನೆಟ್ಟರೆ ಚಿಗುರುವುದಿಲ್ಲ, ಭಕ್ತರೇ ಅವರ ಹೊಸ್ತಿಲಿಗೆ ಹೋಗಿ ಸೇವೆ ಮಾಡಬೇಕು ಎಂದರು. ಅರಳೆ ವ್ಯಾಪಾರಿಯ ಹೆಂಡತಿ ಶಿವಬಸಮ್ಮ ಅಲ್ಲಿಯೇ ಎದ್ದು ನಿಂತು ಹೆಸರು ಕೊಟ್ಟಳು. ಹೀಗೆ ಶರಣ ಸೇವಾ ಬಳಗ ಹುಟ್ಟಿತು. ಊರಿನ ಒಂಬತ್ತು ಮುದುಕರನ್ನು ಹಂಚಿಕೊಂಡರು. ಚನ್ನವೀರಮ್ಮನದು ಮೊದಲ ಹೆಸರು.

ಮೂರು ತಿಂಗಳು ಅವಳ ಮನೆ ಮದುವೆ ಮನೆಯಂತಿತ್ತು. ಸೋಮವಾರ ಒಬ್ಬಳು ಹೋಳಿಗೆ ತಂದರೆ ಮಂಗಳವಾರ ಇನ್ನೊಬ್ಬಳು ಮಾದಲಿ ತರುತ್ತಿದ್ದಳು. ಇಬ್ಬರು ತಲೆಗೆ ಎಣ್ಣೆ ಒತ್ತುವರು, ಒಬ್ಬಳು ಪೂಜೆಗೆ ಪತ್ರಿ ಜೋಡಿಸುವಳು. ಮಲ ಬಳಿಯುವ ಹೊತ್ತಿಗೆ ಮಾತ್ರ ಎಲ್ಲರಿಗೂ ಮನೆಯಲ್ಲಿ ಹಾಲು ಉಕ್ಕುವ ನೆನಪಾಗುತ್ತಿತ್ತು. ದೀಪಾವಳಿ ದಾಟುವುದರೊಳಗೆ ಬರುವವರು ಇಬ್ಬರಾದರು. ಸಂಕ್ರಾಂತಿಯ ಮೂರು ದಿನ ಯಾರೂ ಬರಲಿಲ್ಲ. ಹಾಸಿಗೆಯಲ್ಲೇ ಒದ್ದೆಯಾಗಿ ಮಲಗಿದ್ದ ಚನ್ನವೀರಮ್ಮನನ್ನು ಕುಬ್ರಾಬಿ ಬಂದು ತೊಳೆದು, ಬಟ್ಟೆ ಬದಲಿಸಿದಳು. ಸುದ್ದಿ ಮಠಕ್ಕೆ ಮುಟ್ಟಿತು. ಶಿವಬಸಮ್ಮನಿಗೆ ಅದು ದೊಡ್ಡ ಅವಮಾನವಾಯಿತು.

ಆಗ ಸಿಕ್ಕವಳು ಗಾದೆಮ್ಮ.

ಸಿರುಗುಪ್ಪ ತಾಲೂಕಿನ ದೇಶನೂರಿನವಳು. ಭತ್ತದ ಗದ್ದೆಗೆ ನೀರು ಕಟ್ಟಲು ಹೋದ ಗಂಡನಿಗೆ ಹಾವು ಕಡಿದು, ಇಪ್ಪತ್ತೆರಡಕ್ಕೇ ವಿಧವೆಯಾಗಿದ್ದಳು. ಅಣ್ಣ ಹುಲುಗಪ್ಪ ಅವಳನ್ನು ಕರೆತಂದು ಮಠದ ಅಂಗಳದಲ್ಲಿ ನಿಲ್ಲಿಸಿ, "ನಿಮ್ಮ ಪಾದದಾಗ ಹಾಕೀನ್ರಿ, ಒಂದು ತುತ್ತು ಕೊಟ್ಟು ದುಡಿಸಿಕೊಳ್ರಿ," ಎಂದು ಹೇಳಿ ಹಿಂತಿರುಗಿ ನೋಡದೆ ಹೋಗಿದ್ದ. ಶಿವಬಸಮ್ಮ ಅವಳ ಕೊರಳಿಗೆ ರುದ್ರಾಕ್ಷಿ ಹಾಕಿಸಿ, ಕೈಹಿಡಿದು ಚನ್ನವೀರಮ್ಮನ ಮನೆಗೆ ತಂದಳು.

"ಇಕಿ ಇನ್ನ ನಿಮ್ಮ ಹತ್ರನ ಇರ್ತಾಳ್ರಿ ಅಮ್ಮಾರ. ಹಗಲು ರಾತ್ರಿ."

ಚನ್ನವೀರಮ್ಮ ಮೇಲಿಂದ ಕೆಳಗೆ ನೋಡಿದಳು. "ಕಾಲು ನೋಡು, ಕೋಣದ ಗೊರಸು ಇದ್ದಂಗ ಅದಾವು. ನನ್ನ ಹಾಸಿಗಿ ತುಳದೀ ನೋಡು ಮತ್ತ!"

ಮೊದಲ ವರ್ಷ ಹೀಗೆಯೇ ನಡೆಯಿತು. ರೊಟ್ಟಿ ದಪ್ಪವಾಯಿತೆಂದು ಮುಖದ ಮೇಲೆ ಎಸೆದಳು. ಸ್ನಾನದ ನೀರು ಬಿಸಿಯಾಯಿತೆಂದು ಗಾದೆಮ್ಮನ ಕೈಯನ್ನೇ ಹಂಡೆಯಲ್ಲಿ ಅದ್ದಿಸಿದಳು. ಗಾದೆಮ್ಮ ಅಳಲಿಲ್ಲ. ಒಂದು ದಿನ ಬೈಗುಳ ತಡೆಯಲಾರದೆ, "ಅಮ್ಮಾರ, ನಿಮ್ಮ ನಾಲಗಿಗೂ ಒಂದು ಕೌದಿ ಹೊಲಸೂನೇನ್ರಿ ಕುಬ್ರಾಬಿ ಕೈಲಿ?" ಎಂದುಬಿಟ್ಟಳು. ಚನ್ನವೀರಮ್ಮ ಒಂದು ಗಳಿಗೆ ದಂಗಾದಳು. ಆಮೇಲೆ ಸೊಂಟ ನೋಯುವಷ್ಟು ನಕ್ಕಳು.

ಅಂದಿನಿಂದ ಇಬ್ಬರ ನಡುವೆ ಮಾತು ಹತ್ತಿತು. ಸಂಜೆ ದೀಪ ಹಚ್ಚಿದ ಮೇಲೆ ಚನ್ನವೀರಮ್ಮ ಊರಿನ ನಲವತ್ತು ವರ್ಷದ ಗುಟ್ಟುಗಳನ್ನೆಲ್ಲ ಒಂದೊಂದಾಗಿ ಬಿಚ್ಚುತ್ತಿದ್ದಳು. ಗಾದೆಮ್ಮ ದೇಶನೂರಿನ ನಾಟಿಯ ಹಾಡು ಹೇಳುತ್ತಿದ್ದಳು. ಗಂಡನ ಕಾಲು ನೀಲಿಯಾಗುತ್ತಾ ಹೋದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಚನ್ನವೀರಮ್ಮನಿಗೆ ಹೇಳಿದಳು. ಹುಟ್ಟಿ ಒಂದೇ ದಿನ ಬದುಕಿದ ಮಗುವಿನ ಸುದ್ದಿಯನ್ನು ಚನ್ನವೀರಮ್ಮ ಯಾರಿಗೂ ಹೇಳಿರಲಿಲ್ಲ, ಗಾದೆಮ್ಮನಿಗೆ ಹೇಳಿದಳು. ಅವಳಿಗೆ ಹಾಡು ಹೇಳಿಕೊಟ್ಟಳು, ಪಾಟಿ ತರಿಸಿ ಅಕ್ಷರ ಕಲಿಸಿದಳು. ಒತ್ತಕ್ಷರ ತಪ್ಪಿದರೆ ಬೆತ್ತದ ಬೀಸಣಿಗೆಯಿಂದ ಹೊಡೆಯುತ್ತಿದ್ದಳು. ಆದರೂ ಗಾದೆಮ್ಮ ಅವಳನ್ನು 'ಅಮ್ಮಾರ' ಎನ್ನುವುದನ್ನು ಬಿಟ್ಟು 'ಅವ್ವ' ಎಂದು ಕರೆಯತೊಡಗಿದಳು. ಹಾಗೆ ಕರೆಯಲು ಯಾರೂ ಹೇಳಿಕೊಟ್ಟಿರಲಿಲ್ಲ.

ಬಳಗದ ಹೆಂಗಸರು ಬರುವುದನ್ನೇ ನಿಲ್ಲಿಸಿದರು. ಗಾದೆಮ್ಮ ಇದ್ದಾಳಲ್ಲ!

ಎಪ್ಪತ್ತಮೂರನೇ ಇಸವಿಯಲ್ಲಿ ಓಣಿಯ ಕೊನೆಯಲ್ಲಿ ಹಿಟ್ಟಿನ ಗಿರಣಿ ಬಂತು. ಇಂಜಿನ್ ಕೂಡಿಸಲು ಸಿರುಗುಪ್ಪದ ಅಕ್ಕಿ ಗಿರಣಿಯಿಂದ ಹಾಲಸಿದ್ದಪ್ಪ ಎಂಬ ಮೇಸ್ತ್ರಿ ಬಂದ. ಮೂವತ್ತೈದರ ಆಳು. ಹೆಂಡತಿ ಹೆರಿಗೆಯಲ್ಲಿ ತೀರಿದ್ದಳು. ಕುಬ್ರಾಬಿಯ ಅಂಗಳದ ಬಾವಿಯ ರಾಟೆ ಕಿರುಗುಟ್ಟುವುದನ್ನು ಕೇಳಲಾರದೆ ತಾನೇ ಬಂದು ಎಣ್ಣೆ ಬಿಟ್ಟು ಸರಿಮಾಡಿದ. ನೀರಿಗೆ ಬಂದ ಗಾದೆಮ್ಮನನ್ನು ನೋಡಿದ್ದು ಅಲ್ಲಿ. ಹದಿನೈದು ದಿನ ಬಾವಿಕಟ್ಟೆಯ ಬಳಿ, ಕುಬ್ರಾಬಿಯ ಎದುರಿಗೇ, ನಾಲ್ಕು ನಾಲ್ಕು ಮಾತಾಡಿದರು. ಹದಿನಾರನೆಯ ದಿನ ಅವನು ಕುಬ್ರಾಬಿಯ ಬಾಯಲ್ಲೇ ಕೇಳಿಸಿದ: ಉಡಿಕಿ ಮಾಡಿಕೊಳ್ಳಲು ಒಪ್ಪುತ್ತಾಳೆಯೇ? ಅವರಿಬ್ಬರ ಜನದಲ್ಲೂ ಗಂಡ ಸತ್ತವಳು ಉಡಿಕಿಯ ಸೀರೆ ಉಟ್ಟು ಇನ್ನೊಂದು ಮನೆ ಕಟ್ಟಿಕೊಳ್ಳುವ ರೂಢಿ ಇತ್ತು. ಯಾರೂ ತಪ್ಪೆನ್ನುತ್ತಿರಲಿಲ್ಲ.

ಗಾದೆಮ್ಮ ಎರಡು ದಿನ ಯೋಚಿಸಿದಳು. ಮೂರನೆಯ ದಿನ ಚನ್ನವೀರಮ್ಮನ ತಲೆ ಬಾಚುತ್ತಾ ಹೇಳಿದಳು.

"ಅವ್ವ, ನಿನಗ ಮೊದಲು ಹೇಳಾಕತ್ತೀನಿ. ನೀ ಬ್ಯಾಡ ಅಂದ್ರ ನಾ ಹೋಗಂಗಿಲ್ಲ."

ಚನ್ನವೀರಮ್ಮ ಗಾದೆಮ್ಮನ ಗಲ್ಲ ಹಿಡಿದಳು. "ಯಾಕ ಬ್ಯಾಡ ಅಂತೀನಿ? ಸಣ್ಣ ವಯಸ್ಸು ನಿಂದು. ಹೋಗು ತಾಯಿ. ಶಿವಬಸಮ್ಮಗ ನಾನ ಹೇಳ್ತೀನಿ. ಯಾವತ್ತು ಹೊಂಟೀರಿ?"

"ಬರೋ ಸೋಮವಾರ, ಹತ್ತರ ಬಸ್ಸಿಗಿ. ನಿನಗ ಬ್ಯಾರೆ ಯಾರನ್ನರ ನೋಡಿ, ಎಲ್ಲಾ ಕಲಿಸಿ ಹೋಗ್ತೀನವ್ವ. ತಿಂಗಳಿಗೊಮ್ಮಿ ಬರ್ತೀನಿ."

"ಬರ್ತೀ, ಬರ್ತೀ," ಎಂದಳು ಚನ್ನವೀರಮ್ಮ.

ಮರುದಿನ ಗಾದೆಮ್ಮ ಹೊಳೆಯ ಕಡೆ ಬಟ್ಟೆ ಒಗೆಯಲು ಹೋದಾಗ ಚನ್ನವೀರಮ್ಮ ಕಿಟಕಿಯಿಂದ ದಾರಿಹೋಕರೊಬ್ಬರನ್ನು ಕೂಗಿ ಶಿವಬಸಮ್ಮನಿಗೆ ಹೇಳಿ ಕಳಿಸಿದಳು. ಅವಳು ಬಂದು ಕೂತ ಮೇಲೆ ಚನ್ನವೀರಮ್ಮ ಮೊದಲು ಅತ್ತಳು. ಅಳು ನಿಜವೇ ಆಗಿತ್ತು. ಬಿಟ್ಟುಹೋಗುವ ಮಾತು ಕೇಳಿದ ಗಳಿಗೆಯಿಂದ ಅವಳ ಎದೆಯಲ್ಲಿ ಸಂಕ್ರಾಂತಿಯ ಆ ಮೂರು ಒದ್ದೆ ದಿನಗಳು ಬಂದು ಕೂತಿದ್ದವು. ಅಳು ನಿಜ, ಆಮೇಲೆ ಆಡಿದ ಮಾತು ಸುಳ್ಳು.

"ಹೊಲಸು ಕೆಲಸ ನಡಸ್ಯಾರ ಶಿವಬಸಮ್ಮ. ನಾ ಮಲಗಿರೋ ಕೋಣಿ ಹಿಂದ, ಹಿತ್ತಲದಾಗ. ಆ ಗಿರಣ್ಯಾಂವ ಬರ್ತಾನ. ಕಾಲಿಲ್ಲದಾಕಿ ನಾ, ಎದ್ದು ಹೆಂಗ ಹಿಡೀಲಿ? ಕೊರಳಾಗ ರುದ್ರಾಕ್ಷಿ ಹಾಕ್ಕೊಂಡು! ಸೋಮವಾರ ಹತ್ತರ ಬಸ್ಸಿಗಿ ಓಡಿ ಹೋಗ್ತಾರಂತ."

ಸೋಮವಾರ ಬಸ್ ನಿಲ್ದಾಣದಲ್ಲಿ ಏಳೆಂಟು ಗಂಡಸರು ಕಾದಿದ್ದರು. ಟಿಕೇಟು ಹಿಡಿದು ನಿಂತಿದ್ದ ಹಾಲಸಿದ್ದಪ್ಪನನ್ನು ಎಳೆದು ಹೊಡೆದರು. ಅವನ ಮೆಟ್ಟುಗಳನ್ನು ಅವನ ತಲೆಯ ಮೇಲೆಯೇ ಹೊರಿಸಿ ನಿಲ್ದಾಣದ ಸುತ್ತ ಮೂರು ಸುತ್ತು ನಡೆಸಿದರು. ಬಸ್ಸಿನಲ್ಲಿ ಕೂತಿದ್ದವರು ಕಿಟಕಿಯಿಂದ ತಲೆ ಹಾಕಿ ನೋಡಿದರು. ಗಂಟು ಹಿಡಿದು ಬಂದ ಗಾದೆಮ್ಮನನ್ನು ಮಠಕ್ಕೆ ಎಳೆದೊಯ್ದರು. ಅಷ್ಟು ಹೊತ್ತಿಗೆ ದೇಶನೂರಿನಿಂದ ಹುಲುಗಪ್ಪನನ್ನು ಕರೆಸಿದ್ದರು. ಮಠದ ಅಂಗಳದಲ್ಲಿ, ಬಳಗದ ಹೆಂಗಸರೆಲ್ಲ ಸಾಲಾಗಿ ಕೂತು ನೋಡುತ್ತಿದ್ದಂತೆ, ಅವನು ತಂಗಿಯನ್ನು ಜಡೆ ಹಿಡಿದು ಬಡಿದ. ಸ್ವಾಮಿಗಳು ಊರಲ್ಲಿರಲಿಲ್ಲ.

"ಸಾಕು," ಎಂದಳು ಶಿವಬಸಮ್ಮ ಸ್ವಲ್ಪ ಹೊತ್ತಿನ ಮೇಲೆ. "ಚನ್ನವೀರಮ್ಮಾರು ದೊಡ್ಡವರು. ಇಷ್ಟಾದ ಮ್ಯಾಲೂ ನಿನ್ನ ಇಟ್ಟುಕೊಳ್ತೀನಿ ಅಂದಾರ. ಲಿಂಗ ಹಿಡದು ಆಣಿ ಮಾಡು. ಅವರ ಉಸಿರು ಇರೋತನಕ ಸೇವಾ ಬಿಡಂಗಿಲ್ಲಂತ."

ಗಾದೆಮ್ಮನಿಗೆ ಆಗ ಗೊತ್ತಾಯಿತು. ಸೋಮವಾರ, ಹತ್ತರ ಬಸ್ಸು. ಆ ಮಾತನ್ನು ಅವಳು ಹೇಳಿದ್ದು ಒಬ್ಬಳಿಗೇ. ಒಡೆದ ತುಟಿಯಿಂದ ಕೇಳಿದಳು: "ಸೇವಾ ಅಂದ್ರ ಏನೇನ್ರಿ ಅಕ್ಕಾರ?"

"ಗೊತ್ತಿಲ್ಲೇನು? ಜಳಕ, ಊಟ, ಪೂಜಿ, ಹಾಸಿಗಿ, ಔಷಧ."

"ಅಷ್ಟೇನ್ರಿ?"

"ಅಷ್ಟs."

ಗಾದೆಮ್ಮ ಲಿಂಗ ಹಿಡಿದು ಆಣೆ ಮಾಡಿದಳು.

ಮನೆಗೆ ಬಂದ ಮೊದಲ ದಿನ ಅವಳು ಮಾತಾಡದೆ ಇದ್ದದ್ದು ತುಟಿ ಊದಿದ್ದರಿಂದ. ಚನ್ನವೀರಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎರಡನೆಯ ದಿನ, ರೊಟ್ಟಿಯ ತಟ್ಟೆ ಇಟ್ಟು ಏಳುವಾಗ, ಮುದುಕಿ ಓರೆಗಣ್ಣಿನಿಂದ ತನ್ನ ಬಾಯನ್ನೇ ನೋಡುತ್ತಿರುವುದು ಗಾದೆಮ್ಮನಿಗೆ ಕಂಡಿತು. ಏನಾದರೂ ಅನ್ನುತ್ತಾಳೆ, ಬೈಯುತ್ತಾಳೆ, ಅಳುತ್ತಾಳೆ ಎಂದು ಕಾಯುವ ಕಣ್ಣು. ಬೈದರೆ ತಾನೂ ಬೈದು, ಅತ್ತು, ಎಲ್ಲ ಸರಿಹೋದೀತು ಎಂಬ ಲೆಕ್ಕ ಅದರಲ್ಲಿತ್ತು. ಗಾದೆಮ್ಮ ನೀರಿನ ಚೆಂಬನ್ನು ಕೈಗೆ ಎಟುಕುವಂತೆ ಸರಿಸಿ ಒಳಗೆ ಹೋದಳು. ಮೂರನೆಯ ದಿನದ ಮೌನ ತಿಳಿದೂ ತಿಳಿದೂ ಇಟ್ಟುಕೊಂಡದ್ದು.

ಸೇವೆಯಲ್ಲಿ ಒಂದು ಎಳೆಯೂ ಕಡಿಮೆಯಾಗಲಿಲ್ಲ. ಬೆಳಿಗ್ಗೆ ಹದವಾದ ಬಿಸಿನೀರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಬೆನ್ನಿಗೆ ಕೊಬ್ಬರಿ ಎಣ್ಣೆ. ಹಲ್ಲಿಲ್ಲದ ಬಾಯಿಗೆ ಹಾಲಲ್ಲಿ ನೆನೆಸಿದ ರೊಟ್ಟಿ. ಅಂಗೈಯಲ್ಲಿ ಲಿಂಗ ಇಟ್ಟು, ಪತ್ರಿ ಎತ್ತಿಕೊಟ್ಟು, ಪೂಜೆ ಮುಗಿಯುವವರೆಗೆ ಕೈ ಹಿಡಿದು ಕೂರುತ್ತಿದ್ದಳು. ಬಾಯಿ ಮಾತ್ರ ತೆರೆಯಲಿಲ್ಲ.

ಚನ್ನವೀರಮ್ಮ ಮೊದಲು ಅಣಕಿಸಿದಳು. "ಮೂಕಿ ಆದ್ಯಾ? ಆಗು. ನನಗೇನು!" ಆಮೇಲೆ ಬೈದಳು. ಬೇಕೆಂದೇ ಅನ್ನದ ತಟ್ಟೆ ಉರುಳಿಸಿದಳು. ಗಾದೆಮ್ಮ ನೆಲ ಒರೆಸಿ ಇನ್ನೊಂದು ತಟ್ಟೆ ತಂದಳು. ಮುದುಕಿ ಗಂಟಲಿಗೆ ಸಿಕ್ಕಿಕೊಂಡಂತೆ ನಟಿಸಿದಳು. ಗಾದೆಮ್ಮ ಬೆನ್ನು ಗುದ್ದಿ ನೀರು ಕುಡಿಸಿದಳು. ಮುದುಕಿ ತಾನೇ ಅವಳಿಗೆ ಕಲಿಸಿದ ಹಾಡನ್ನು ಬೇಕೆಂದು ತಪ್ಪು ತಪ್ಪಾಗಿ ಹೇಳಿ, ಎರಡನೆಯ ಸಾಲಿಗೆ ಐದನೆಯ ಸಾಲು ಜೋಡಿಸಿ, ತಿದ್ದುತ್ತಾಳೋ ಎಂದು ನಿಲ್ಲಿಸಿ ಕಾದಳು. ಗಾದೆಮ್ಮ ಅಕ್ಕಿಯ ಕಲ್ಲು ಆರಿಸುತ್ತಾ ಕೂತಿದ್ದಳು.

ಅವಳು ಮೂಕಿಯಾಗಿರಲಿಲ್ಲ. ನೀರಿಗೆ ಹೋದಾಗ ಗೋಡೆಯಾಚೆ ಕುಬ್ರಾಬಿಯೊಡನೆ ಮಾತಾಡುವುದು, ಒಮ್ಮೊಮ್ಮೆ ನಗುವುದು ಕೇಳಿಸುತ್ತಿತ್ತು. ಚನ್ನವೀರಮ್ಮ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಬಿಂದಿಗೆ ಹೊತ್ತು ಹೊಸ್ತಿಲು ದಾಟಿದ ಕೂಡಲೇ ಆ ದನಿ ಕತ್ತರಿಸಿದಂತೆ ನಿಲ್ಲುತ್ತಿತ್ತು.

ಕೊನೆಗೆ ಅವಳು ಶಿವಬಸಮ್ಮನಿಗೆ ಹೇಳಿ ಕಳಿಸಿದಳು. "ಅಕಿ ನನ್ನ ಕೂಡ ಮಾತಾಡಂಗಿಲ್ಲ."

ಶಿವಬಸಮ್ಮ ಮನೆಯನ್ನೆಲ್ಲ ನೋಡಿದಳು. ಬಿಳಿ ಹಾಸಿಗೆ, ಥಳಥಳಿಸುವ ತಂಬಿಗೆ, ಒಂದು ಹುಣ್ಣೂ ಇಲ್ಲದ ಬೆನ್ನು. ಗಾದೆಮ್ಮ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು. ಶಿವಬಸಮ್ಮನ ಕಣ್ಣಲ್ಲಿ ನೀರು ಬಂತು.

"ಅಮ್ಮಾರ, ಇದು ಮೌನಸೇವಾ ರೀ! ಮಾಡಿದ ಪಾಪಕ್ಕ ತಾನಾಗಿ ವ್ರತ ಹಿಡದಾಳ. ಎಂಥಾ ಬದಲಾವಣಿ!"

"ವ್ರತ ಅಲ್ಲs ಅದು! ನನ್ನ ಕೊಲ್ಲಾಕತ್ತಾಳ."

"ಹಂಗನ್ನಬಾರದ್ರಿ," ಎಂದಳು ಶಿವಬಸಮ್ಮ, ಮಗುವಿಗೆ ಹೇಳುವಂತೆ.

ಆ ಶ್ರಾವಣದಲ್ಲಿ ಮಠದಲ್ಲಿ ಗಾದೆಮ್ಮನಿಗೆ ಶಾಲು ಹೊದಿಸಿದರು. ರೂಪನಗುಡಿಯಿಂದ, ಸಿರುಗುಪ್ಪದಿಂದ ಬೇರೆ ಬಳಗದವರು ಬಂದು ಮನೆ ನೋಡಿಕೊಂಡು ಹೋದರು. ಹಾಸಿಗೆಯ ಸುತ್ತ ನಿಂತು, ಮುದುಕಿಯನ್ನು ಮೈಮುಟ್ಟಿ ನೋಡಿ, "ಪುಣ್ಯವಂತಿ" ಎನ್ನುತ್ತಿದ್ದರು. ಚನ್ನವೀರಮ್ಮ ಅವರ ಸೆರಗು ಹಿಡಿದು, "ಸ್ವಲ್ಪ ಕುಂಡ್ರರಿ, ಯಾವೂರು ನಿಮ್ಮದು? ಮಕ್ಕಳೆಷ್ಟು?" ಎಂದು ಕೇಳುತ್ತಿದ್ದಳು. ಬಸ್ಸಿಗೆ ಹೊತ್ತಾಯಿತೆಂದು ಅವರು ಮೆಲ್ಲಗೆ ಸೆರಗು ಬಿಡಿಸಿಕೊಳ್ಳುತ್ತಿದ್ದರು.

ಎರಡು ವರ್ಷದ ಮೇಲೆ ಹಾಲಸಿದ್ದಪ್ಪನಿಂದ ಕುಬ್ರಾಬಿಯ ಮೂಲಕ ಮಾತು ಬಂತು. ಸಿರುಗುಪ್ಪದ ಗಿರಣಿ ಅವನನ್ನು ತೆಗೆದುಹಾಕಿತ್ತು. ಈಗ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಪಂಪು ರಿಪೇರಿ ಮಾಡುತ್ತಿದ್ದ. ಬಂದರೆ ಈಗಲೂ ಕರೆದುಕೊಂಡು ಹೋಗುತ್ತೇನೆ ಎಂದಿದ್ದ.

"ಹೋಗಿಬಿಡು ಬೇಟಿ," ಎಂದಳು ಕುಬ್ರಾಬಿ. "ಆಣಿ ಗೀಣಿ ಅಲ್ಲಾ ನೋಡ್ಕೊಂತಾನ."

"ಲಿಂಗ ಹಿಡದೀನಿ ಕುಬ್ರಾಬಿ. ಮುದುಕಿ ಹೋಗಲಿ, ಮರುದಿನ ಬರ್ತೀನಿ ಅನ್ನು. ಎಪ್ಪತ್ತು ದಾಟ್ಯಾವು. ಇನ್ನೆಷ್ಟು ದಿನ?"

ಅಂದಿನಿಂದ ಗಾದೆಮ್ಮ ಆ ಸಾವನ್ನು ಕಾಯತೊಡಗಿದಳು. ಸೇವೆ ಸ್ವಲ್ಪ ಸಡಿಲವಾದರೂ ಸಾಕಿತ್ತು. ಒಂದು ವಾರ ಮಗ್ಗುಲು ಬದಲಿಸದಿದ್ದರೆ, ಒಂದು ಚಳಿಗಾಲ ಹೊದಿಕೆ ತೆಳ್ಳಗಿದ್ದರೆ, ಮುಗಿಯುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ಎಷ್ಟೋ ಮಧ್ಯಾಹ್ನ ಔಷಧದ ಬಾಟಲಿ ಕೈಯಲ್ಲಿ ಹಿಡಿದು ನಿಂತದ್ದೂ ಉಂಟು. ಆದರೆ ಕೈ ತಾನೇ ಚಮಚಕ್ಕೆ ಸುರಿಯುತ್ತಿತ್ತು. ಎರಡು ಸಲ ಚನ್ನವೀರಮ್ಮನಿಗೆ ನ್ಯುಮೋನಿಯಾ ಜ್ವರ ಬಂತು. ಎರಡು ಸಲವೂ ಡಾಕ್ಟರು ಕೈಬಿಟ್ಟರು. ಎರಡು ಸಲವೂ ಗಾದೆಮ್ಮ ಹಗಲೂ ಇರುಳೂ ಕೂತು, ಹನಿಹನಿ ಗಂಜಿ ಕುಡಿಸಿ ಬದುಕಿಸಿದಳು. ಅಷ್ಟು ಚೆನ್ನಾಗಿ ನೋಡಿಕೊಂಡದ್ದರಿಂದಲೇ ಮುದುಕಿ ಬದುಕಿದಳು.

ಅಷ್ಟರಲ್ಲಿ ಮುದುಕಿಗೆ ಕಣ್ಣಿನ ಪೊರೆ ಬೆಳೆಯಿತು. ಎಪ್ಪತ್ತಾರನೇ ಇಸವಿಯ ಹೊತ್ತಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣದಾಯಿತು. ಈಗ ಎಲ್ಲಿಂದಲೋ ಎರಡು ಕೈ ಬರುತ್ತಿದ್ದವು. ಎತ್ತುತ್ತಿದ್ದವು, ತೊಳೆಯುತ್ತಿದ್ದವು, ಬಾಯಿಗೆ ತುತ್ತು ಇಡುತ್ತಿದ್ದವು. ಮತ್ತೆ ಇಲ್ಲವಾಗುತ್ತಿದ್ದವು. ಅವಳಿಗೆ ಹೆದರಿಕೆ ಹತ್ತಿತು. ಕೊಟ್ಟೂರಪ್ಪನಿಗೆ ಕಾಗದ ಬರೆಸಿದಳು. ಅವನು ಬಂದಾಗ ಕೈ ಹಿಡಿದುಕೊಂಡಳು.

"ನನ್ನ ಬಳ್ಳಾರಿಗಿ ಕರ್ಕೊಂಡು ಹೋಗಪಾ. ನಿಮ್ಮನ್ಯಾಗ ಒಂದು ಮೂಲ್ಯಾಗ ಬಿದ್ದಿರ್ತೀನಿ. ಹುಡುಗರು ಗದ್ದಲ ಮಾಡೋದರ ಕಿವಿಗಿ ಬೀಳ್ತೈತಿ."

"ಹೊಸ್ತಿಲ ದಾಟಂಗಿಲ್ಲ ಅಂದಾಕಿ ನೀನs ಅಲ್ಲೇನು ದೊಡ್ಡವ್ವ?"

"ಅಂದಿದ್ದೆ. ತಪ್ಪಾತು."

ಕೊಟ್ಟೂರಪ್ಪ ಹಾಸಿಗೆ ಮುಟ್ಟಿ ನೋಡಿದ. ಒಗೆದ ಸೀರೆಯ ವಾಸನೆ ನೋಡಿದ. "ಇಲ್ಲಿದ್ದಷ್ಟು ಚಂದ ಸೇವಾ ಅಲ್ಲೆಲ್ಲಿ ಆಗ್ತೈತಿ? ಸುತ್ತ ಹತ್ತೂರಿಗಿ ನಿನ್ನ ಹೆಸರು ಹೇಳ್ತಾರ. ಬಳಗದವ್ರು ಏನಂದಾರು?" ಗಾದೆಮ್ಮ ಅವನಿಗೆ ಚಹಾ ಕೊಟ್ಟಳು. ಅವನು ಕುಡಿದು ಮೂರು ಗಂಟೆಯ ಬಸ್ಸಿಗೆ ಹೋದ.

ಮರುವರ್ಷ ಒಂದು ದಿನ ಕುಬ್ರಾಬಿ ಬಾವಿಕಟ್ಟೆಯ ಮೇಲೆ ಗಾದೆಮ್ಮನನ್ನು ಕೂರಿಸಿಕೊಂಡು ಹೇಳಿದಳು. ಹಾಲಸಿದ್ದಪ್ಪ ಮದುವೆಯಾಗಿದ್ದ. ನಾಲ್ಕು ವರ್ಷ ಕಾದೆ, ಇನ್ನೆಷ್ಟು ಕಾಯಲಿ ಎಂದು ಅತ್ತನಂತೆ. ಗಾದೆಮ್ಮ ಬಿಂದಿಗೆ ತುಂಬಿಸಿ ಒಳಗೆ ಬಂದಳು. ಮುದುಕಿಯ ಕಾಲು ತೊಳೆಯುವ ಹೊತ್ತಾಗಿತ್ತು. ತಣ್ಣಗಿನ ಕೈ ತಗುಲಿದ ಕೂಡಲೇ ಚನ್ನವೀರಮ್ಮ ಬೆಚ್ಚಿ ಕಾಲು ಎಳೆದುಕೊಂಡಳು.

"ಯಾರು? ಯಾರದು? ಗಾದೆಮ್ಮ ಏನು? ಸತ್ತವರು ಯಾರರ ಬಂದೀರೇನು? ಹೂಂ ಅನ್ರಿ ಯಾರಿದ್ರೂ!"

ಗಾದೆಮ್ಮನ ಬಾಯಿ ತೆರೆಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ನಾಲಗೆಯ ತುದಿಗೆ 'ನಾನವ್ವ' ಎಂಬುದು ಬಂದು ನಿಂತಿತು. ಬಾವಿಕಟ್ಟೆಯ ಸುದ್ದಿ ಒಂದು ದಿನ ತಡವಾಗಿ ಬಂದಿದ್ದರೆ ಅದು ಹೊರಗೂ ಬರುತ್ತಿತ್ತು. ಅವಳು ಬಾಯಿ ಮುಚ್ಚಿ, ಎಳೆದುಕೊಂಡ ಕಾಲನ್ನು ಮೆಲ್ಲಗೆ ನೇರಮಾಡಿ, ಬೆರಳ ಸಂದಿಗಳನ್ನು ಒಂದೊಂದಾಗಿ ತೊಳೆದಳು.

ಚನ್ನವೀರಮ್ಮ ಇನ್ನೂ ನಾಲ್ಕು ವರ್ಷ ಬದುಕಿದಳು.

ಸಾಯುವುದಕ್ಕೆ ಒಂದು ತಿಂಗಳ ಮುಂಚೆ, ಜ್ಯೇಷ್ಠದ ಒಂದು ಮಧ್ಯಾಹ್ನ, ಬೀಸಣಿಗೆಯ ಗಾಳಿ ಬರುತ್ತಿದ್ದ ಕಡೆಗೆ ಮುಖ ತಿರುಗಿಸಿ ಅವಳು ಹೇಳಿದಳು:

"ಗಾದಿ, ನಾನs ಹೇಳಿದ್ದು. ಹಿತ್ತಲದಾಗ ಅಂದದ್ದು ಸುಳ್ಳು. ನಾನs ಹುಟ್ಟಿಸಿದ್ದು. ನೀ ಹೋದ್ರ ನಾ ಒಬ್ಬಾಕಿ ಆಗ್ತೀನಂತ ಅಂಜಿ ಹೇಳಿದೆ."

ಬೀಸಣಿಗೆ ಅದೇ ಹದದಲ್ಲಿ ಬೀಸುತ್ತಿತ್ತು.

"ಆ ಗಿರಣ್ಯಾಂವ ಇನ್ನೂ ಅದಾನೇನು? ಅವನ ಕೂಡ ಹೋಗು. ನಾನs ಶಿವಬಸಮ್ಮನ ಕರಿಸಿ, ಎಲ್ಲಾರ ಮುಂದ ಹೇಳ್ತೀನಿ, ನಾ ಸುಳ್ಳು ಹೇಳಿದ್ದೆ, ಆಣಿ ಬಿಡಿಸ್ರಿ ಅಂತ. ಹೋಗ್ತೀ? ಒಂದು ಮಾತು ಅನ್ನು. ಬೈಯಿ. ನನ್ನ ಮಾರಿ ಮ್ಯಾಲೆ ಉಗಳು."

ಗಾದೆಮ್ಮ ಬೀಸಣಿಗೆಯನ್ನು ಎಡಗೈಗೆ ಬದಲಿಸಿಕೊಂಡಳು. ಅವನಿಗೆ ಈಗ ಎರಡು ಮಕ್ಕಳು. ಅದನ್ನು ಹೇಳಿದ್ದರೆ ಮುದುಕಿ ಅಳುತ್ತಿದ್ದಳು. ಅತ್ತರೆ ಹಗುರಾಗುತ್ತಿದ್ದಳು. ಹಗುರಾಗುವುದು ಗಾದೆಮ್ಮನಿಗೆ ಬೇಕಿರಲಿಲ್ಲ. ಚನ್ನವೀರಮ್ಮ ಬಹಳ ಹೊತ್ತು ಕಾದಳು. ಆಮೇಲೆ ಗಾಳಿ ಬರುತ್ತಿದ್ದ ಕಡೆ ಕೈ ಚಾಚಿ, ತಡಕಾಡಿ, ಗಾದೆಮ್ಮನ ತುಟಿಗಳನ್ನು ಬೆರಳಿನಿಂದ ಮುಟ್ಟಿದಳು. ಅವು ಅಲುಗುತ್ತಿವೆಯೋ ಎಂದು. ಗಾದೆಮ್ಮ ಆ ಕೈಯನ್ನು ಹಿಡಿದು, ಒರೆಸಿ, ಹೊದಿಕೆಯ ಕೆಳಗೆ ಇಟ್ಟಳು.

ಅಲ್ಲಿಂದ ಮುಂದೆ ಚನ್ನವೀರಮ್ಮ ತಾನೂ ಮಾತಾಡಲಿಲ್ಲ. ಇಪ್ಪತ್ತಾರು ದಿನ ಆ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಇಪ್ಪತ್ತೇಳನೆಯ ಬೆಳಿಗ್ಗೆ ಹಾಲು ಕುಡಿಸಲು ಎತ್ತಿದಾಗ ಕತ್ತು ನಿಲ್ಲಲಿಲ್ಲ.

ಹೆಣವನ್ನು ಕೂರಿಸಿ, ವಿಭೂತಿ ಬಳಿದು, ಹೂವು ಏರಿಸಿದರು. ಹೊಸ್ತಿಲು ದಾಟಿಸುವಾಗ ಇಡೀ ಊರು ಇತ್ತು. ಎಂಟು ವರ್ಷದಲ್ಲಿ ಒಮ್ಮೆಯೂ ಕಾಣದ ಹೆಂಗಸರು ಎದೆ ಬಡಿದುಕೊಂಡು ಅತ್ತರು. ಸಮಾಧಿ ಮಾಡಿ ಬಂದ ಮೇಲೆ ಶಿವಬಸಮ್ಮ ಗಾದೆಮ್ಮನ ಹೆಗಲ ಮೇಲೆ ಕೈಯಿಟ್ಟು ಕೇಳಿದಳು: "ಕೊನಿಗಿ ಏನರ ಅಂದ್ರೇನವ್ವ?"

"ಮಾತಾಡು ಅಂದ್ರು ರೀ," ಎಂದಳು ಗಾದೆಮ್ಮ. "ನಾ ಮಾತಾಡ್ಲಿಲ್ಲ."

ಸುತ್ತ ಕೂತಿದ್ದವರು ಕೈಮುಗಿದರು. ಒಬ್ಬಳು ಅವಳ ಪಾದ ಮುಟ್ಟಿದಳು.

ಹನ್ನೊಂದನೆಯ ದಿನದ ಊಟ ಮುಗಿದ ಮೇಲೆ ಶಿವಬಸಮ್ಮ ಮತ್ತೆ ಬಂದಳು. ತನ್ನ ಅತ್ತೆಗೆ ಲಕ್ವ ಹೊಡೆದಿತ್ತು, ಮುಂದಿನ ಸೇವೆ ಅಲ್ಲಿ ಎಂದು ಬಳಗ ಗೊತ್ತುಮಾಡಿತ್ತು. ಗಾದೆಮ್ಮ ಕೊರಳಿನ ರುದ್ರಾಕ್ಷಿ ತೆಗೆದು ಅವಳ ಕೈಯಲ್ಲಿಟ್ಟಳು.

"ಅವರ ಉಸಿರು ಇರೋತನಕ ಅಂತ ಆಣಿ ಮಾಡಿಸಿದ್ರಿ. ಮುಗೀತು."

"ಎಲ್ಲಿಗಿ ಹೋಗ್ತೀ? ನಿನಗ ಯಾರದಾರ?"

ಗಾದೆಮ್ಮ ಬಾಗಿಲು ದಾಟಿ ಒಳಗೆ ಹೋದಳು.

ಎರಡು ಸೀರೆ ಗಂಟು ಕಟ್ಟಿಕೊಂಡು ಅವಳು ಕುಬ್ರಾಬಿಯ ಅಂಗಳಕ್ಕೆ ಹೋದಳು. ಕುಬ್ರಾಬಿ ಕೌದಿ ಹರಡಿಕೊಂಡು ಕೂತಿದ್ದಳು, ತಲೆ ಎತ್ತಲಿಲ್ಲ.

"ಹೊಂಟೀನಿ ಕುಬ್ರಾಬಿ. ದೇಶನೂರಿಗಿ. ಅಣ್ಣನ ಮನಿಯಾಗ ಇಟ್ಟುಕೊಂಡ್ರ ಇರ್ತೀನಿ, ಇಲ್ಲಂದ್ರ ಕೂಲಿಗಿ ಹೋಗ್ತೀನಿ."

ಕುಬ್ರಾಬಿ ಸೂಜಿ ಚುಚ್ಚಿ ನಿಲ್ಲಿಸಿದಳು. "ಒಂದು ಕೇಳ್ತೀನಿ ಹೇಳು. ಆ ದಿನ ಅಕಿ ತಪ್ಪು ಒಪ್ಪಿಕೊಂಡಾಗ ನಾ ಗ್ವಾಡಿ ಈಕಡಿ ಇದ್ದೆ. ಎಲ್ಲಾ ಕೇಳ್ಸಿತು. ಒಂದು ಮಾತು ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತು?"

"ನನ್ನ ಹತ್ರ ಉಳದಿದ್ದು ಅದೊಂದs ಆಗಿತ್ತು, ಕುಬ್ರಾಬಿ. ಅದನ್ನೂ ಅಕಿಗಿ ಕೊಡಬೇಕಾಗಿತ್ತೇನು?"

"ಅಕಿ ಕೆಟ್ಟಾಕಿ, ಖರೆ. ಆದ್ರ ಕೊನಿಗಿ ಕುರುಡಿ ಮುದುಕಿ ಆಗಿದ್ಲು. ಹೂಂ ಅನ್ನು ಅಂತ ಬೇಡಿಕೊಂಡ್ಲು. ಅಷ್ಟ ಬೇಡಿದ್ರ ಕಲ್ಲು ಸೈತ ಹೂಂ ಅಂತಿತ್ತು." ಕುಬ್ರಾಬಿ ಮತ್ತೆ ಸೂಜಿ ಎತ್ತಿಕೊಂಡಳು. "ಹೋಗು ಬೇಟಿ. ಬಸ್ ಬರೋ ಹೊತ್ತಾತು."

ಗಾದೆಮ್ಮ ಗಂಟು ಎತ್ತಿಕೊಂಡಳು. ಎಂಟು ವರ್ಷ ತನ್ನ ಮಾತನ್ನೆಲ್ಲ ಕೇಳಿಸಿಕೊಂಡವಳು ಇವಳೊಬ್ಬಳೇ. ಕುಬ್ರಾಬಿ ಎದ್ದು ಬಾಗಿಲವರೆಗೂ ಬರಲಿಲ್ಲ.

ದೇಶನೂರಿನಲ್ಲಿ ಅತ್ತಿಗೆ ಅವಳಿಗೆ ದನದ ಕೊಟ್ಟಿಗೆಯ ಪಕ್ಕ ಜಾಗ ತೋರಿಸಿದಳು. ಅದು ನಾಟಿಯ ಹೊತ್ತು. ಮರುದಿನವೇ ಗಾದೆಮ್ಮ ಹೆಂಗಸರ ಗುಂಪಿನೊಡನೆ ಮೊಣಕಾಲುದ್ದ ಕೆಸರಿಗೆ ಇಳಿದಳು. ಅವಳ ಸಸಿಯ ಸಾಲು ಎಲ್ಲರಿಗಿಂತ ನೇರವಾಗಿತ್ತು. ಪಕ್ಕದವಳು ಹಾಡು ಎತ್ತಿಕೊಟ್ಟು, ಮುಂದಿನ ಸಾಲು ನಿನ್ನದು ಎನ್ನುವಂತೆ ಇವಳ ಮುಖ ನೋಡಿದಳು. ಹಾಡು ಅವಳಿಗೆ ಗೊತ್ತಿದ್ದದ್ದೇ. ಗಾದೆಮ್ಮ ಬಾಯಿ ತೆರೆದಳು. ದನಿ ಬರಲು ತಡವಾಯಿತು. ಪಕ್ಕದವಳು ಇನ್ನೊಬ್ಬಳ ಕಡೆಗೆ ತಿರುಗಿಕೊಂಡಳು. ಸಾಲು ಮುಂದೆ ಸರಿಯಿತು.